ಠರಾವು ನಂಬರ ಒಂಬತ್ತು

ರಾಯರ,
ನಿನ್ನೆ ನಿಮ್ಮ ಠರಾವು ಪಾಸಾತು.
ನಂಬರ ಒಂಬತ್ತು.
ಎಂಟನೇದು ಕಸಾಯಿಖಾನಿ ಫೀ,
ಹತ್ತನೇದು ಶಹಾಪುರ ಅಗಸಿಯ ಕಂದೀಲಿನ ಎಣ್ಣಿ.
ನಡುವ ನೀವು.

ಕಲೆಕ್ಟರ ಸಾಹೇಬರು ಎದ್ದು ನಿಂತ್ರು.
ಅವರು ಎದ್ದರಂತ ಎಲ್ಲಾರೂ ಎದ್ರು.
ಅಡತಿ ಚನ್ನಮಲ್ಲಪ್ಪನವರ ಜೋಡಿ
ಅವರ ಕುರ್ಚಿನೂ ಒಂದು ಗೇಣು ಎದ್ದು
ಮತ್ತ ಧಡ್ಡಂತ ಕೂತಿತು.
ಯಾರೂ ನಗಲಿಲ್ಲ.
ಪಂಖಾದ ಹಗ್ಗ ಹಿಡಿದ ಲಾಡ್ಲೇಸಾಬ
ಎಳೀಬೇಕೋ ಬಿಡಬೇಕೋ ತಿಳೀದ
ನನ್ನ ಮಾರಿ ನೋಡಿದ.
ನಾ ಕಣ್ಣೀಲೆ ನಿಲ್ಲಸು ಅಂದೆ.
ಆಗ ಬಂತು ನೋಡ್ರಿ ವಿಜಾಪುರದ ಸೆಕಿ,
ಕೇಳದ, ಚೀಟಿ ಕಳಸದ,
ಸೀದಾ ಸಾಹೇಬರ ಕಾಲರಿನ ಒಳಗ.

“ಮೂವತ್ತಮೂರು ವರ್ಷ ಅಖಂಡ ಸೇವಾ,
ಕಳಂಕ ಇಲ್ಲದ ಇಮಾನು, ಸೌಮ್ಯ ನಡತಿ,
ಈ ಹಾನಿ ತುಂಬಲಾರದ್ದು.”
ಸಾಹೇಬರು ಇಂಗ್ರೇಜಿಯೊಳಗ ಓದಿದ್ರು.
ವಕೀಲ ಗಲಗಲಿಯವರು ಕನ್ನಡ ಮಾಡಿ ಹೇಳಿದ್ರು,
‘ಸೌಮ್ಯ’ ಅನ್ನೂ ಮುಂದ ಮಾತ್ರ
ಒಂದು ಗಳಿಗಿ ತಡದ್ರು.
ಅವರ ಅರ್ಜಿ ನಿಮ್ಮ ಮೇಜಿನಿಂದ
ಎಷ್ಟು ಸಲ ತಿರುಗಿ ಹೋಗ್ಯಾವ,
ಒಮ್ಮೆ ತಿಕೀಟು ಸೊಟ್ಟ ಹಚ್ಚೀರಿ ಅಂತ.

ಆಮ್ಯಾಲ ಭಾವಚಿತ್ರದ ಮಾತು ಬಂತು.
ಎಣ್ಣಿಬಣ್ಣದ್ದು, ನಾಲ್ವತ್ತು ರೂಪಾಯಿ.
ಮುಶ್ರೀಫರು ಇಪ್ಪತ್ತೈದಕ್ಕ ಇಳಿಸಿದ್ರು.
ನೋಡಿ ತಗೀಲಿಕ್ಕೆ ಫೋಟೋ ಐತೇನು ಅಂತ
ಯಾರೋ ಕೇಳಿದ್ರು.
ಒಂದು ಐತಿ. ಹಿಂದಿನ ಸಾಹೇಬರು ವರ್ಗಾ ಆದಾಗಿನ ಗ್ರೂಪು,
ಎರಡನೇ ಸಾಲು, ಎಡಕಿನಿಂದ ಮೂರನೇದವರು.
ಅಲ್ಲಾಡಿಬಿಟ್ಟೀರಿ, ರಾಯರ.
ರುಮಾಲು ಅಷ್ಟ ಛಲೋ ಬಂದೈತಿ.
ವಿಷಯ ಮುಂದಿನ ಮೀಟಿಂಗಿಗೆ ಹಾಕಿದ್ರು.

ಎಲ್ಲಾರೂ ಹೋದ ಮ್ಯಾಲ
ಬುಕ್ಕಿನಾಗ ಚೊಕ್ಕ ನಕಲು ತಗೀಬೇಕಂತ
ಸಾಹೇಬರ ಕೈಯಾಗಿದ್ದ ಕಾಗದ ಬಿಚ್ಚಿದೆ.
ಅಕ್ಷರ ನಿಮ್ಮವು.
ಹನ್ನೊಂದು ವರ್ಷದ ಹಿಂದ
ಸ್ವಚ್ಛತಾ ಇನ್‌ಸ್ಪೆಕ್ಟರು ತೀರಿದಾಗ ಬರದದ್ದು.
ಆಮ್ಯಾಲ ದವಾಖಾನಿ ಡಾಕ್ಟರಿಗೆ ಹತ್ತಿತು,
ಆಮ್ಯಾಲ ಬೇಗಂ ತಲಾಬಿನ ಓವರಸಿಯರಿಗೆ.
ವರ್ಷ ಬದಲಾತು, ಹುದ್ದೆ ಬದಲಾತು,
ಸೌಮ್ಯ ನಡತಿ ಹಂಗ ಉಳೀತು.
ಆ ಇನ್‌ಸ್ಪೆಕ್ಟರ ಕುದುರಿ ಹೊಡಿಯೂ ಚಾಬೂಕಿನಿಂದ
ಜಾಡಮಾಲಿ ಹುಡುಗರನ್ನ ಹೊಡೀತಿದ್ದ.
ನಾ ಅವತ್ತು ಕೇಳಿದ್ದೆ.
“ಸತ್ತವರ ಸಲುವಾಗಿ ಸರಕಾರ ಸುಳ್ಳು ಹೇಳಬಹುದು ತಮ್ಮಾ,
ಕಾಗದದ ಮ್ಯಾಲ ಕಲಿ ಬೀಳಬಾರದು” ಅಂದಿದ್ರಿ.
ಕೆಳಗ ಸಣ್ಣಗ, ಮೋಡಿಯೊಳಗ, ನಿಮ್ಮ ಸೂಚನಾ:
ಹೆಸರಿಗೆ ನಾಲ್ಕು ಬೆರಳು ಜಾಗಾ ಬಿಡೂದು.

ಬಿಟ್ಟೆ.
ಸ್ವಾಮಿರಾವ ಬಿಂದುಮಾಧವ ಇಂಗಳೇಶ್ವರ,
ನಾಲ್ಕು ಬೆರಳಿನಾಗ ಹಿಡಸಲಿಲ್ಲ ನೀವು.
ಬಿಂದುಮಾಧವರನ್ನ ಒತ್ತಿ ಬರದೆ,
ಆದರೂ ಇಂಗಳೇಶ್ವರ ಗೆರಿ ದಾಟಿ
ಅಂಚಿನ ಖಾಲಿ ಜಾಗಾದಾಗ ಹೋಗಿ ನಿಂತಿತು.
ಅಲ್ಲೆ ಒಂದು ಚುಕ್ಕಿ ಬಿದ್ದರ
ರೂಲದೊಣ್ಣಿ ತಗೋತಿದ್ರಿ.
ಕೈ ಹಿಂದಕ್ಕ ಎಳಕೊಂಡು ಕೂತೆ,
ಸುಮ್ಮನ.

ಹೊರಗಿಂದ ಲಾಡ್ಲೇಸಾಬ ಕರದ.
ಓ ಅನಲಿಲ್ಲ.
ಶಾಯಿ ಒಣಗೂ ತನಕಾ
ಯಾರ ಮಾತಿಗೂ ಓ ಅನಬ್ಯಾಡ,
ಮೊದಲ ದಿವಸ ಕಲಿಸಿದ್ದು ನೀವ.
ಒಣಗಿದ ಮ್ಯಾಲ ಹೋದೆ.
ಪಡಸಾಲಿಯಾಗ ನಿಮ್ಮ ಮಗಳು ವೇಣಕ್ಕ,
ಕೈಯಾಗ ಒಂದು ಗಂಟು,
ಮ್ಯಾಲೊಂದು ಯಾದಿ, ನಿಮ್ಮ ಕೈಯಿಂದ ಬರದದ್ದು:
ಮನಿಯೊಳಗಿರೂ ಸರಕಾರಿ ಸಾಮಾನು.
ರೂಲದೊಣ್ಣಿ ಒಂದು. ದೌತಿ ಒಂದು.
ಚಾಕು ಒಂದು, ಹಿಡಿಕಿ ಸಡಲ.
ಪೆನ್ಸಿಲು, ಅರ್ಧ.

ಎಣಿಸಿ ತಗೊಂಡು ಪಾವತಿ ಬರದೆ.
ಆಕಿ ಓದಿದಳು.
ಪೆನ್ಸಿಲು ಎತ್ತಿ ರೂಲದೊಣ್ಣಿಗೆ ಹಚ್ಚಿ ನೋಡಿದಳು.
“ಅಪ್ಪ ಯಾದಿ ಮಾಡಿದ ಮ್ಯಾಲೂ ಬರದಾನ.
ಇದು ಅರ್ಧಕ್ಕಿಂತ ಕಡಿಮಿ ಐತಿ” ಅಂದಳು.

ತಿದ್ದಿದೆ, ರಾಯರ.
ತಿದ್ದಿದ್ದರ ಮಗ್ಗಲಿಗೆ ಸಹಿ ಮಾಡಿದೆ.